ಪುಸ್ತಕದಲ್ಲಿ ಇಲ್ಲದ ಚಪ್ಪಲಿ

ಪುಸ್ತಕದಲ್ಲಿ ಇಲ್ಲದ್ದನ್ನು ಇದೆ ಎಂದು ನಾನು ಸುಮಿತ್ರಕ್ಕನಿಗೆ ಓದಿ ಹೇಳಿದೆ. ಆಮೇಲೆ, ಅದನ್ನು ಒಪ್ಪಿಕೊಳ್ಳಲೇಬೇಕಾದ ಹೊತ್ತಿನಲ್ಲಿ, ತುಂಬಿದ ಕೋಣೆಯಲ್ಲಿ ಎಲ್ಲರೆದುರು, "ಇದ್ದದ್ದನ್ನ ಓದೇನ್ರಿ ಅಕ್ಕಾ" ಎಂದುಬಿಟ್ಟೆ. ಆ ಒಂದು ಮಾತಿನಿಂದ ಅವರು ತಮ್ಮ ನೆನಪಿನ ಮೇಲಿನ ನಂಬಿಕೆಯನ್ನು ಕಳೆದುಕೊಂಡರು. ಅವರ ನೆನಪಿಗೆ ಏನೂ ಆಗಿರಲಿಲ್ಲ. ಅದು ಆಗ ಗೊತ್ತಿದ್ದವಳು ನಾನೊಬ್ಬಳೇ, ಇಷ್ಟು ವರ್ಷಗಳ ಮೇಲೂ ನಾನೊಬ್ಬಳೇ.

ಇದನ್ನು ಬರೆಯುವಾಗ ನನ್ನ ಮೇಲೆ ನಾನೇ ಕಣ್ಣಿಟ್ಟಿದ್ದೇನೆ. ಯಾಕೆಂದರೆ ನನಗೆ ಚೆಂದ ಮಾಡುವ ಚಟ. ಸುಮ್ಮನೆ "ಬಿಸಿಲಿತ್ತು" ಎಂದರೆ ಸಾಕಾಗುವ ಕಡೆ ಕೈ ತಾನಾಗಿ ಇನ್ನೊಂದು ಮಾತು ಸೇರಿಸಲು ಹೋಗುತ್ತದೆ. ಆ ಚಟವೇ ಇಷ್ಟೆಲ್ಲ ಮಾಡಿದ್ದು. ಆದ್ದರಿಂದ ಎಲ್ಲಿಯಾದರೂ ಈ ಬರಹ ಹೆಚ್ಚು ಸೊಗಸಾಯಿತು ಅನಿಸಿದರೆ, ಅಲ್ಲಿ ನನ್ನನ್ನು ಸ್ವಲ್ಪ ಅನುಮಾನದಿಂದಲೇ ನೋಡಿ.

ಪುಣೆ ಕ್ಯಾಂಪಿನಲ್ಲಿ ಮಲ್ಲಣ್ಣನವರ ಬಟ್ಟೆ ಅಂಗಡಿಯಿದೆ. ಅವರ ಅಜ್ಜ ಬಿಜಾಪುರದ ಕಡೆಯಿಂದ ಬಂದು ಹಾಕಿದ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಗೋಡೆಗುಂಟ ಬಟ್ಟೆಯ ಥಾನುಗಳು, ನಡುವೆ ಒಂದು ದೊಡ್ಡ ಜಮಖಾನ. ತಿಂಗಳಿಗೊಂದು ರವಿವಾರ ಬೆಳಿಗ್ಗೆ ಆ ಜಮಖಾನದ ಮೇಲೆ ನಾವು ಕನ್ನಡ ಓದುವ ಮಂದಿ ಕೂಡುತ್ತೇವೆ. ಬ್ಯಾಂಕಿನವರು, ವ್ಯಾಪಾರದವರು, ನನ್ನಂತೆ ಹಡಪಸರದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವರು, ಈಚೆಗೆ ಕಂಪ್ಯೂಟರಿನ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು. ಹೊರಗೆ ಆರು ದಿನ ಮರಾಠಿ, ಹಿಂದಿ ಮಾತಾಡಿ ದಣಿದ ನಾಲಿಗೆಗೆ ಅದೊಂದು ರಜೆ. ಕೆಳಗಿನ ಗಲ್ಲಿಯ ಬೇಕರಿಯಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಮೇಲೆ ಬರುತ್ತದೆ. ಹೊಸ ಬಟ್ಟೆಯ ಗಂಜಿಯ ವಾಸನೆಯೊಂದಿಗೆ ಅದು ಕೂಡಿದರೆ ಇಂದಿಗೂ ನನಗೆ ಕಾದಂಬರಿ ಓದಬೇಕು ಅನಿಸುತ್ತದೆ.

ಒಂದೊಂದು ಪುಸ್ತಕದ ಎರಡು ಮೂರು ಪ್ರತಿ ತರಿಸಿ ಕೈಯಿಂದ ಕೈಗೆ ದಾಟಿಸುತ್ತೇವೆ. ಈಚೆಗೆ ಓದಿದ್ದರ ಬಗ್ಗೆ ಒಬ್ಬೊಬ್ಬರು ಮಾತಾಡಬೇಕು. ಒಂದೇ ಒಂದು ಕಟ್ಟಳೆ — ಪುಸ್ತಕ ಮುಚ್ಚಿ ಮಾತಾಡಬೇಕು. ಪುಸ್ತಕವನ್ನು ಜಮಖಾನದ ನಡುವೆ ಬೋರಲು ಇಟ್ಟು, ಚೀಟಿ ಗೀಟಿ ಏನೂ ಇಲ್ಲದೆ, ಮನಸ್ಸಿನಲ್ಲಿ ಉಳಿದದ್ದನ್ನಷ್ಟೇ ಹೇಳಬೇಕು. "ಉಳೀಲಾರದ್ದರ ಬಗ್ಗೆ ಮಾತಾಡಿ ಏನ್ ಮಾಡೂದೈತ್ರಿ?" ಎನ್ನುತ್ತಿದ್ದರು ಮಲ್ಲಣ್ಣ. ಇಬ್ಬರ ನಡುವೆ ತಕರಾರು ಬಂದರೆ ಮಾತ್ರ ಅವರು ಪುಸ್ತಕ ಎತ್ತಿಕೊಂಡು ಆ ಪುಟ ಓದುವರು. ಯಾರ ಮಾತು ತಪ್ಪೆಂದಾಯಿತೋ ಅವರು ಆಮೇಲೆ ಎಲ್ಲರಿಗೂ ಚಹಾ ತರಿಸಬೇಕು. ಮಲ್ಲಣ್ಣ ಸ್ವತಃ ಯಾವ ಕಾದಂಬರಿಯನ್ನಾದರೂ ಅದರಲ್ಲಿ ಜನ ಏನು ಉಣ್ಣುತ್ತಾರೆ ಎಂಬುದರ ಮೇಲೆ ಅಳೆಯುತ್ತಿದ್ದರು. ಊಟವೇ ಬಾರದ ಪುಸ್ತಕವನ್ನು ಅವರು ನಂಬುತ್ತಿರಲಿಲ್ಲ.

ಸುಮಿತ್ರಕ್ಕ ಒಮ್ಮೆಯೂ ಚಹಾ ತರಿಸಿದವರಲ್ಲ. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಗೋಕಾಕದ ಕಡೆಯ ಹೆಣ್ಣುಮಗಳು, ಶಾಲೆ ಕಲಿತದ್ದು ಅಷ್ಟಕ್ಕಷ್ಟೇ. ಗಂಡ ತೀರಿದ ಮೇಲೆ ಮಗಳು ಶೋಭಾಳ ಜೊತೆ ಇಲ್ಲೇ ಪುಣೆಯ ಖಡಕಿಯಲ್ಲಿದ್ದರು. ಅಳಿಯನಿಗೆ ಅಲ್ಲಿನ ಫ್ಯಾಕ್ಟರಿಯಲ್ಲಿ ನೌಕರಿ. ರವಿವಾರ ಒಬ್ಬರೇ ರಿಕ್ಷಾ ಹಿಡಿದು, ಇಳಕಲ್ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು, ಆ ಕಿರಿದಾದ ಮೆಟ್ಟಿಲು ಏರಿ ಬರುತ್ತಿದ್ದರು. ಓದಿದ ಕಾದಂಬರಿಯನ್ನು ಅವರು ಹೇಳುತ್ತಿದ್ದ ರೀತಿ — ಮುಖ್ಯ ಕಥೆಯನ್ನು ಬಿಟ್ಟು ಯಾವುದೋ ಮೂಲೆಯ ಒಂದು ಸಣ್ಣ ಸಂಗತಿ ಹಿಡಿಯುವರು. ಒಬ್ಬಳು ಮಡಚಿಟ್ಟ ಚಾದರ, ಒಬ್ಬ ಹೇಳದೆ ನುಂಗಿದ ಮಾತು. ಅದನ್ನೇ ಮೆಲ್ಲಗೆ ತಿರುಗಿಸಿ ತಿರುಗಿಸಿ ತೋರಿಸುವರು. ನಾವೂ ಅದೇ ಪುಸ್ತಕ ಓದಿದವರು, ಆದರೆ ಅದು ನಮ್ಮ ಕಣ್ಣಿಗೆ ಬಿದ್ದೇ ಇರುತ್ತಿರಲಿಲ್ಲ.

ಅವರ ಕಣ್ಣು ಮಂಜಾಗತೊಡಗಿದ್ದು ನನಗೆ ತಿಳಿದದ್ದು ಆಕಸ್ಮಿಕವಾಗಿ. ಮೆಟ್ಟಿಲ ಬಳಿ ಪುಸ್ತಕ ಕೈಗೆ ಕೊಟ್ಟರೆ ತಲೆಕೆಳಗಾಗಿ ಹಿಡಿದುಕೊಂಡರು. ನಾನು ಅದನ್ನು ಸರಿಮಾಡಿ ಕೊಟ್ಟೆ. ಅವರು ನನ್ನ ಮುಂಗೈ ಹಿಡಿದರು.

"ನಟ್ಟನಡುವ ಕರೀ ಚುಕ್ಕಿ ಕುಂತದ ವಿಜೂ. ಅಂಚಿಗಷ್ಟ ಕಾಣಸ್ತದ. ಯಾರ ಮುಂದೂ ಹೇಳಬ್ಯಾಡ. ಇವರೆಲ್ಲಾ ನನ್ನ ಓದೂ ಮುದುಕಿ ಅಂತ ತಿಳದಾರ."

ಹಾಗೆ ಶುರುವಾದದ್ದು ನಮ್ಮ ಶನಿವಾರದ ಮಧ್ಯಾಹ್ನಗಳು. ನನಗೆ ಶನಿವಾರ ಅರ್ಧ ದಿನ ಆಫೀಸು. ಹಡಪಸರದಿಂದ ಬಸ್ಸು ಬದಲಿಸಿ ಖಡಕಿಗೆ ಹೋಗುತ್ತಿದ್ದೆ. ಮನೆಯಲ್ಲಿ ನನ್ನನ್ನು ಕಾಯುವವರು ಯಾರೂ ಇರಲಿಲ್ಲವಾದ್ದರಿಂದ ಅದು ತ್ಯಾಗವೇನಲ್ಲ. ನಿಜ ಹೇಳಬೇಕೆಂದರೆ ಆ ವಾರದಲ್ಲಿ ನಾನು ಕಾಯುತ್ತಿದ್ದ ಒಂದೇ ಹೊತ್ತು ಅದು.

ಆ ಮಧ್ಯಾಹ್ನಗಳು ಈಗ ನೆನೆದರೆ ನಿದ್ದೆಯಲ್ಲಿ ಕಂಡಂತಿವೆ. ದೊಡ್ಡ ದೊಡ್ಡ ಮರಗಳ ಹಳೆಯ ರಸ್ತೆ, ನೆರಳು ಗಾಳಿಗೆ ಸರಿದಾಡುವುದು, ದೂರದಲ್ಲೊಂದು ರೈಲು. ಹಿಂದಿನ ವರಾಂಡದಲ್ಲಿ ಸುಮಿತ್ರಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತಿರುವರು. ಪಕ್ಕದಲ್ಲಿ ಚುರುಮುರಿಯ ಬೋಗುಣಿ. ನಾನು ಓದುತ್ತ ಹೋದಂತೆ ಅವರ ತುಟಿ ಸಣ್ಣಗೆ ಆಡುತ್ತಿತ್ತು. ಫ್ಯಾಕ್ಟರಿಯ ಭೋಂಗಾ ಕೂಗಿದಾಗಷ್ಟೇ ಇಬ್ಬರೂ ಬೆಚ್ಚಿ ಈ ಲೋಕಕ್ಕೆ ಬರುತ್ತಿದ್ದೆವು. ನನ್ನ ದನಿಯನ್ನು ಅಷ್ಟು ಗಮನವಿಟ್ಟು ಕೇಳಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಆಮೇಲೂ ಯಾರೂ ಸಿಗಲಿಲ್ಲ.

ಮೊದಲ ಸುಳ್ಳು ಬಸ್ಸಿನ ಅವಸರಕ್ಕೆ ಆದದ್ದು. ಹೊತ್ತಾಗಿತ್ತು, ಅಧ್ಯಾಯ ಮುಗಿದಿರಲಿಲ್ಲ. ಎರಡು ಪುಟ ಹಾರಿಸಿದೆ. ಹಾರಿಸಿದ ಕಡೆ ಸಂದು ಕಾಣಬಾರದಲ್ಲ — ಒಂದು ವಾಕ್ಯ ನಾನೇ ಹಾಕಿದೆ. ಏನೋ, ಹಿತ್ತಿಲಲ್ಲಿ ಒಣಗುತ್ತಿದ್ದ ಸೀರೆ ಸಂಜೆಯವರೆಗೂ ಯಾರನ್ನೋ ಕಾದಂತಿತ್ತು, ಎಂದು. ಸುಮಿತ್ರಕ್ಕ ಕಣ್ಣು ತೆರೆಯದೆ ನಕ್ಕರು.

"ಎಷ್ಟ್ ಚೆಂದ ಬರದಾರಲ್ಲ!"

ಜೀವಮಾನವಿಡೀ ಪರರ ಕಂಪನಿಯ ಜಮಾಖರ್ಚು ಕೂಡಿಸಿದವಳು ನಾನು. ಬರೆಯಬೇಕು ಎಂಬ ಆಸೆಯನ್ನು ಯಾರಿಗೂ ಹೇಳಿದವಳಲ್ಲ, ಹೇಳಿದರೆ ನಗುತ್ತಾರೆ ಎಂಬ ಅಂಜಿಕೆ. ಆ ದಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಕಾಲು ನೋಯಲಿಲ್ಲ. "ಎಷ್ಟ್ ಚೆಂದ ಬರದಾರಲ್ಲ" — ಅದು ಲೇಖಕರಿಗೆ ಹೇಳಿದ ಮಾತು, ಆದರೆ ನನ್ನ ವಾಕ್ಯಕ್ಕೆ ಹೇಳಿದ್ದು. ಕದ್ದು ತಿಂದ ಬೆಲ್ಲದ ರುಚಿ ಹತ್ತಿತು. ಅಲ್ಲಿಂದ ಮುಂದೆ ಅವಸರ ಇಲ್ಲದ ದಿನವೂ ಹಾಕತೊಡಗಿದೆ. ಇಲ್ಲೊಂದು ಸಾಲು, ಅಲ್ಲೊಂದು ಸಾಲು. ಅವರು ಮೆಚ್ಚಿದ್ದು ನನ್ನದೋ ಲೇಖಕರದೋ ಎಂದು ನೋಡುವುದೇ ನನಗೆ ಆಟವಾಯಿತು. ಅದರಲ್ಲಿ ಅವರಿಗೆ ಏನು ಹಾನಿ ಎಂದು ನನ್ನಷ್ಟಕ್ಕೆ ಕೇಳಿಕೊಂಡು, ಏನೂ ಇಲ್ಲ ಎಂದು ನಾನೇ ಉತ್ತರ ಕೊಟ್ಟುಕೊಂಡೆ.

ಆಮೇಲೆ ಆ ಕಾದಂಬರಿ ಬಂತು. ಅದರ ಹೆಸರು ಇಲ್ಲಿ ಬೇಡ. ಅದನ್ನು ಬರೆದವರದು ಇದರಲ್ಲಿ ಏನೂ ತಪ್ಪಿಲ್ಲ.

ಕಥೆ ಸರಳ. ಒಬ್ಬಳು ಸಿಟ್ಟಿನಿಂದ ಗಂಡನ ಮನೆ ಬಿಟ್ಟು ಬರಿಗಾಲಲ್ಲಿ ತವರಿಗೆ ಹೋಗುತ್ತಾಳೆ. ಗಂಡ ದಿನವೂ ಸಂಜೆ ಬಸ್ ಸ್ಟ್ಯಾಂಡಿಗೆ ಬಂದು ಕೊನೆಯ ಬಸ್ಸು ನೋಡಿ ಹೋಗುತ್ತಾನೆ. ಕಾಲ ಕಳೆಯುತ್ತದೆ. ಕೊನೆಗೆ ಅವಳು ಮನಸ್ಸು ಗಟ್ಟಿಮಾಡಿಕೊಂಡು ಬಂದಿಳಿದ ಸಂಜೆ ಅವನು ಬಂದಿರುವುದಿಲ್ಲ. ಅವಳು ಖಾಲಿ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಅದೇ ಬಸ್ಸು ತಿರುಗಿ ಹೊರಟಾಗ ಹತ್ತಿ ಹೋಗಿಬಿಡುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಆ ಕೊನೆಯ ಪುಟಕ್ಕೆ ಬಂದಾಗ ನಾನು ಕಣ್ಣಲ್ಲೇ ಮುಂದೆ ಓದಿಬಿಟ್ಟೆ. ಸುಮಿತ್ರಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕಾಯುತ್ತಿದ್ದರು. "ಬಂದಿರತಾನೇಳು, ಬಂದೇ ಬಂದಿರತಾನ" ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಿದ್ದರು. ನನಗೆ ಮನಸ್ಸಾಗಲಿಲ್ಲ — ಹೀಗೆ ಹೇಳಿದರೆ ಕರುಣೆ ಎಂದಾಗುತ್ತದೆ. ಕರುಣೆ ಇತ್ತು, ಸುಳ್ಳಲ್ಲ. ಆದರೆ ಅದರ ಕೆಳಗೆ ಇನ್ನೊಂದು ಇತ್ತು. ಇಡೀ ಒಂದು ಕೊನೆಯನ್ನೇ ನಾನು ಕಟ್ಟಬಲ್ಲೆನೇ ಎಂಬ ಹುರುಪು.

ಕಟ್ಟಿದೆ. ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದಾಳೆ. ಅವನು ಬರುತ್ತಾನೆ. ಒಂದು ಮಾತೂ ಆಡುವುದಿಲ್ಲ. ಕಂಕುಳಲ್ಲಿದ್ದ ಹಳೆಯ ಪೇಪರಿನ ಪೊಟ್ಟಣ ಬಿಚ್ಚಿ, ಅವಳು ಬಿಟ್ಟುಹೋಗಿದ್ದ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಜೋಡಿಸಿ ಇಡುತ್ತಾನೆ. ಅವಳು ಅದರಲ್ಲಿ ಕಾಲಿಡುತ್ತಾಳೆ.

ಓದಿ — ಓದಿದಂತೆ ಮಾಡಿ — ಪುಸ್ತಕ ಮುಚ್ಚಿದೆ. ಸುಮಿತ್ರಕ್ಕನ ಕೆನ್ನೆ ತೊಯ್ದಿತ್ತು. ಸೆರಗಿನಿಂದ ಒರೆಸಿಕೊಂಡರು. ಆಮೇಲೆ, ಕನಸಿನಲ್ಲಿ ಮಾತಾಡುವವರ ಹಾಗೆ:

"ನಮ್ಮವರೂ ಹಿಂಗ ಮಾಡಿದ್ರು ವಿಜೂ. ಖರೇ ಹಿಂಗ. ಪೇಪರಿನ್ಯಾಗ ಸುತ್ತಿಗೊಂಡು ಬಂದಿದ್ರು. ನಿನಗ ಹೇಳೇನಿಲ್ಲೋ?"

ಹೇಳಿದ್ದರು. ಈಗಲ್ಲ, ನಮ್ಮ ಪರಿಚಯದ ಮೊದಲ ವರ್ಷಗಳಲ್ಲಿ, ಅದೇ ವರಾಂಡದಲ್ಲಿ ಅವರೆಕಾಯಿ ಬಿಡಿಸುತ್ತ. ಹೊಸದಾಗಿ ಮದುವೆಯಾದಾಗ ಅತ್ತೆಯೊಂದಿಗೆ ಜಗಳಾಡಿ ಬರಿಗಾಲಲ್ಲಿ ತವರಿಗೆ ಹೋದದ್ದು, ಕೆಲವು ದಿನ ಬಿಟ್ಟು ತಾವಾಗಿಯೇ ತಿರುಗಿ ಬಂದದ್ದು, ಬಸ್ಸು ಇಳಿಯುವಾಗ ಗಂಡ ಕೆಳಗೆ ಚಪ್ಪಲಿ ಇಟ್ಟದ್ದು. ಅವರು ಹೇಳಿ ಮರೆತಿದ್ದರು. ನಾನು ಮರೆತಿರಲಿಲ್ಲ. ನಾನು ಕಟ್ಟಿದೆನೆಂದು ಬೀಗಿದ ಕೊನೆಯನ್ನು ನಾನು ಕಟ್ಟಿಯೂ ಇರಲಿಲ್ಲ, ಅವರದನ್ನೇ ಎತ್ತಿ ಅವರಿಗೇ ಬಡಿಸಿದ್ದೆ.

"ಇಲ್ರಿ ಅಕ್ಕಾ, ಹೇಳಿಲ್ಲ" ಎಂದೆ.

ಅವರು ಸಂಭ್ರಮದಿಂದ ಮತ್ತೆ ಎಲ್ಲ ಹೇಳಿದರು. ನಾನು ಮೊದಲ ಸಲ ಕೇಳುವವಳಂತೆ ಕಣ್ಣರಳಿಸಿ ಕೇಳಿದೆ. ಮುಂದಿನ ಸಭೆಯಲ್ಲಿ ಇದೇ ಪುಸ್ತಕದ ಬಗ್ಗೆ ಮಾತಾಡುತ್ತೇನೆ ಎಂದು ಅವರು ಅಂದರು. ಹೇಳಿಬಿಡಬೇಕು ಎಂದು ಗಟ್ಟಿಮಾಡಿಕೊಂಡು ಸಭೆಯ ಹಿಂದಿನ ದಿನ ಮತ್ತೆ ಹೋದೆ. ಅವರು ವರಾಂಡದಲ್ಲಿ ತಿರುಗಾಡುತ್ತ ಹೇಳಬೇಕಾದ್ದನ್ನು ಬಾಯಲ್ಲಿ ಗುನುಗುತ್ತಿದ್ದರು. ಆ ಮುಖ ನೋಡಿ, ಹೇಳದೆಯೇ ತಿರುಗಿ ಬಂದೆ. ಆ ಪುಸ್ತಕ ಇನ್ನೂ ಹೆಚ್ಚು ಜನ ಓದಿರಲಿಕ್ಕಿಲ್ಲ, ಓದಿದ್ದರೂ ದೊಡ್ಡವರ ಮಾತಿಗೆ ಯಾರು ತಕರಾರು ತೆಗೆಯುತ್ತಾರೆ — ಹೀಗೆ ಏನೇನೋ.

ಆ ರವಿವಾರ ಅವರು ಮಾತಾಡಿದಂತೆ ಆ ಕೋಣೆಯಲ್ಲಿ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಪುಸ್ತಕ ನಡುವೆ ಬೋರಲು ಬಿದ್ದಿತ್ತು.

"ಸಿಟ್ಟು ಮಾಡಿ ಹೋದಾಕಿಗೆ ಏನೇನೋ ಕೊಡಬಹುದಿತ್ರಿ," ಎಂದರು. "ಹೂವ ತರಬಹುದಿತ್ತು. ತಪ್ಪಾತು ಅನಬಹುದಿತ್ತು. ಅಂವ ಚಪ್ಪಲಿ ತಂದ. ಆಕಿ ಹೋಗೂ ಮುಂದ ಆಕಿ ಕಾಲು ಸುಟ್ಟಿರಬೇಕು ಅನ್ನೂದು ಅಂವಗ ಇಷ್ಟ ದಿನಾ ಸುಟ್ಟದ. ಅದನ್ನ ಬರದವರು ಹೇಳೂದಿಲ್ಲ. ಚಪ್ಪಲಿ ಇಟ್ಟು ಸುಮ್ಮನಾಗತಾರ. ಬರಿಯೂದಂದ್ರ ಇದು ನೋಡ್ರಿ."

ನನಗೆ ಹೆಮ್ಮೆಯಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಗಳಿಗೆಯಲ್ಲಿ ನನಗೆ ಆದದ್ದು ಹೆಮ್ಮೆಯೇ. ಆಮೇಲೆ ನಮ್ರತಾ ಕೈ ಎತ್ತಿದಳು. ತುಮಕೂರಿನ ಕಡೆಯ ಹುಡುಗಿ, ಹಡಪಸರದಲ್ಲೇ ಕಂಪ್ಯೂಟರಿನ ಕೆಲಸ. ಪಾಪ, ಬಹಳ ಸಂಕೋಚದಿಂದಲೇ ಕೇಳಿದಳು.

"ಆಂಟಿ, ಸಾರಿ... ಎಂಡಿಂಗ್ ಹಾಗಿಲ್ಲ ಅನ್ಸುತ್ತೆ. ನಾನು ಲಾಸ್ಟ್ ವೀಕ್ ಅಷ್ಟೇ ಓದಿ ಮುಗಿಸ್ದೆ. ಅವ್ನು ಬರೋದೇ ಇಲ್ವಲ್ಲ? ಅವ್ಳು ವಾಪಸ್ ಹೋಗ್ತಾಳೆ. ಚಪ್ಪಲಿ ಎಲ್ಲೂ ಬರಲ್ಲ."

ಇನ್ನೊಬ್ಬರು ತಲೆಯಾಡಿಸಿದರು. ಮಲ್ಲಣ್ಣ ಅನುಮಾನಿಸುತ್ತ ಪುಸ್ತಕ ಎತ್ತಿಕೊಂಡು, ಕೊನೆಯ ಪುಟ ತೆಗೆದು, ದನಿ ಇಳಿಸಿ ಓದಿದರು. ಖಾಲಿ ಬೆಂಚು. ತಿರುಗಿ ಹೊರಟ ಬಸ್ಸು. ಓದಿ ಮುಗಿಸಿ, "ಬ್ಯಾರೆ ಯಾವುದರೆ ಪುಸ್ತಕದ್ದು ಇರಬೇಕ್ರಿ ಅಕ್ಕಾರ. ಒಮ್ಮೊಮ್ಮೆ ಕಲಸತಾವ" ಎಂದರು. ಚಹಾದ ಮಾತು ಯಾರೂ ಎತ್ತಲಿಲ್ಲ. ಅದೇ ಎಲ್ಲಕ್ಕಿಂತ ಕಟುವಾಗಿತ್ತು.

ಸುಮಿತ್ರಕ್ಕ ಮುಖವನ್ನು ಸ್ವಲ್ಪ ಓರೆ ಮಾಡಿ, ಕಣ್ಣಿನ ಅಂಚಿನಿಂದ ನನ್ನನ್ನು ಹುಡುಕಿದರು. ಅಷ್ಟು ದಿನ ಮುಚ್ಚಿಟ್ಟುಕೊಂಡ ತಮ್ಮ ಗುಟ್ಟನ್ನು ಅವರು ಆಗ, ನನ್ನ ಮೇಲಿನ ಭರವಸೆಯಿಂದ, ತಾವೇ ಬಿಚ್ಚಿ ಹಾಕಿದರು.

"ನನಗ ಕಣ್ಣು ಕಾಣೂದಿಲ್ರಿ. ವಿಜೂನ ಓದಿ ಹೇಳ್ಯಾಳ. ಕೇಳ್ರಿ ಆಕಿನ್ನ. ಹೇಳ ವಿಜೂ, ಚಪ್ಪಲಿ ಇದ್ದಿಲ್ಲೇನು?"

ಎಲ್ಲರೂ ನನ್ನ ಕಡೆ ತಿರುಗಿದರು. ಕೆಳಗೆ ಗಲ್ಲಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತಿದ್ದರು. ನಾನು ಜಮಖಾನದ ಅಂಚಿನ ಎಳೆಯನ್ನು ನೋಡುತ್ತ ಹೇಳಿದೆ — ಮೊದಲೇ ಬರೆದಿದ್ದೇನೆ, ಏನು ಹೇಳಿದೆ ಎಂದು. "ಇದ್ದದ್ದನ್ನ ಓದೇನ್ರಿ ಅಕ್ಕಾ."

ಅವರು ವಾದ ಮಾಡಲಿಲ್ಲ. "ಹೌದೇನು" ಎಂದರು, ಅಷ್ಟೇ.

ಆ ದಿನ ನಾನೇ ಅವರನ್ನು ಮನೆಗೆ ಬಿಡಲು ಹೊರಟೆ. ರಿಕ್ಷಾದಲ್ಲಿ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದರು. ನದಿಯ ಸೇತುವೆ ದಾಟುವಾಗ, ಹೊರಗೆ ನೋಡುತ್ತ, ಬಹಳ ಶಾಂತವಾಗಿ ಹೇಳಿದರು:

"ನೀ ಸುಳ್ಳ ಹೇಳಾಕಿ ಅಲ್ಲ. ಅಂದ್ರ ನನ್ನ ತಲೀನ ಹೋತು."

ಆಗಲೂ ಹೇಳಬಹುದಿತ್ತು. ರಿಕ್ಷಾದಲ್ಲಿ ನಾವಿಬ್ಬರೇ ಇದ್ದೆವು, ಯಾವ ಮರ್ಯಾದೆಯೂ ಹೋಗುತ್ತಿರಲಿಲ್ಲ. ನಾನು ಅವರ ಕೈ ಸವರಿ, "ಹಂಗ್ಯಾಕಂತೀರಿ ಅಕ್ಕಾ, ವಯಸ್ಸಾದ ಮ್ಯಾಲೆ ಎಲ್ಲಾರಿಗೂ ಆಗತದ" ಎಂದೆ. ಕೋಣೆಯಲ್ಲಿ ಆಡಿದ್ದು ಹೆದರಿಕೆಯ ಮಾತು. ಇದು ಹಾಗಲ್ಲ. ಸಮಾಧಾನ ಹೇಳುತ್ತ ಹೇಳುತ್ತಲೇ ಅವರ ಮೇಲೆ ಬಾಗಿಲು ಹಾಕಿದೆ.

ಸಭೆಯಲ್ಲಿ ಆದದ್ದು ಶೋಭಾಗೆ ತಿಳಿಯಿತು. ತಾಯಿಯ ಮೇಲೆ ಜೀವವಿರುವ ಮಗಳು, ಹೆದರಿದಳು. ರವಿವಾರ ಒಬ್ಬರೇ ಹೋಗುವುದು ನಿಂತಿತು. ಒಲೆಯ ಮುಂದೆ ನಿಲ್ಲುವುದು ನಿಂತಿತು. ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಸುಮಿತ್ರಕ್ಕ ಗೊತ್ತಿದ್ದರೂ "ಇರಬೇಕ್ರಿ, ಖರೇ ಗೊತ್ತಿಲ್ಲ" ಎಂದೇ ಉತ್ತರ ಕೊಟ್ಟರಂತೆ. ಎಲ್ಲರಂತೆ ಅವರೂ ಕನ್ನಡಕ ಎಲ್ಲೋ ಇಟ್ಟು ಹುಡುಕುತ್ತಿದ್ದರು, ಹಾಲು ಉಕ್ಕಿಸುತ್ತಿದ್ದರು. ಆ ಮೊದಲು ಅದು ನಗುವ ಸಂಗತಿಯಾಗಿತ್ತು, ಈಗ ಪುರಾವೆಯಾಯಿತು. ಏನು ಹೇಳಿದರೂ ಕೊನೆಗೊಂದು ಮಾತು ಸೇರಿಸತೊಡಗಿದರು: "ನಾ ಹೇಳೂದು ಖರೇ ಅದ ಏನು?"

ನಾನು ಪುಸ್ತಕ ಹಿಡಿದು ಹೋದರೆ ಬೇಡವೆಂದರು. "ಓದಬ್ಯಾಡ ವಿಜೂ. ತಲಿ ಒಳಗ ಹೋಗಿ ಬ್ಯಾರೆ ಏನರೆ ಆಗತದ." ನಾನು ಶನಿವಾರಗಳನ್ನು ಒಂದೊಂದಾಗಿ ಬಿಟ್ಟೆ. ಆಫೀಸಿನಲ್ಲಿ ಕೆಲಸ ಹೆಚ್ಚು ಎಂದೆ. ಕ್ಯಾಂಪಿನ ಸಭೆಗೆ ಮಾತ್ರ ತಪ್ಪದೆ ಹೋಗುತ್ತಿದ್ದೆ. ಪುಸ್ತಕ ಬೋರಲಿಟ್ಟು ಜಾಣತನದ ಮಾತಾಡುತ್ತಿದ್ದೆ. ಸುಮಿತ್ರಕ್ಕ ಹೇಗಿದ್ದಾರೆ ಎಂದು ಕೇಳಿದರೆ, ವಯಸ್ಸಾಯಿತಲ್ಲ ಎಂದು ತಲೆ ತಗ್ಗಿಸುತ್ತಿದ್ದೆ. ಜನ ನನ್ನನ್ನು ಬಹಳ ಮೃದು ಸ್ವಭಾವದವಳು ಎಂದುಕೊಂಡರು.

ಹೋದ ತಿಂಗಳು ಶೋಭಾಳ ಮಗಳಿಗೆ ಗಂಡು ಗೊತ್ತಾಯಿತೆಂದು ಸಿಹಿ ಕೊಡಲು ಕರೆದಿದ್ದರು. ಅದೇ ವರಾಂಡ, ಅದೇ ಸರಿದಾಡುವ ನೆರಳು. ಸುಮಿತ್ರಕ್ಕ ಸಣ್ಣಗಾಗಿದ್ದರು. ಮೊಮ್ಮಗಳು ಅವರ ತೊಡೆಯ ಮೇಲೆ ತಲೆಯಿಟ್ಟು, ಅಜ್ಜ ಹೇಗಿದ್ದರು, ನಿನ್ನ ಮೇಲೆ ಪ್ರೀತಿ ಇತ್ತೇ ಎಂದು ಛೇಡಿಸುತ್ತಿದ್ದಳು. ಅವರ ಮುಖ ಒಂದು ಕ್ಷಣ ಮೊದಲಿನಂತಾಯಿತು.

"ಒಮ್ಮೆ ಬಸ್ ಇಳ್ಯೂ ಮುಂದ ಕೆಳಗ ಚಪ್ಪಲಿ ಇಟ್ಟು ಅಂದ್ರು ನೋಡವಾ, 'ನೆಲಾ ಸುಡತದ, ಹಾಕ್ಕೋ' ಅಂತ..."

ಅಲ್ಲಿಗೆ ನಿಂತರು. ಕೈ ಹುಡುಗಿಯ ಕೂದಲಲ್ಲಿ ಹಾಗೇ ನಿಂತಿತು.

"ಬ್ಯಾಡ ಬಿಡು. ಅದು ಯಾವುದೋ ಪುಸ್ತಕದಾಗಿಂದು. ನಿಮ್ಮಜ್ಜಂದಲ್ಲ. ನನ್ನ ತಲ್ಯಾಗ ಎಲ್ಲಾ ಕಲಸೇದ."

ಮೊಮ್ಮಗಳು ನನ್ನ ಕಡೆ ನೋಡಿ, ಅಜ್ಜಿಗೆ ಕಾಣದಂತೆ, ಕನಿಕರದಿಂದ ನಕ್ಕಳು. ನಾನೂ ನಕ್ಕೆ — ಹೌದು, ನಾನೂ. ಪೇಢೆ ಬಾಯಲ್ಲಿತ್ತು.

ಅವರ ನೆನಪನ್ನು ಕೆಡಿಸಿದೆ ಎಂದಷ್ಟೇ ಇಷ್ಟು ದಿನ ನಾನು ತಿಳಿದಿದ್ದೆ. ಅವರ ಗಂಡನನ್ನೇ ಅವರಿಂದ ತೆಗೆದುಕೊಂಡಿದ್ದೇನೆ ಎಂದು ಗೊತ್ತಾದದ್ದು ಆ ಮಧ್ಯಾಹ್ನ. ಆ ಬಸ್ ಸ್ಟ್ಯಾಂಡಿನಲ್ಲಿ ಇದ್ದವರು ಇಬ್ಬರೇ. ಒಬ್ಬರು ತೀರಿಹೋಗಿದ್ದಾರೆ. ಇನ್ನೊಬ್ಬರಿಗೆ ನಾನು, ನೀವು ಅಲ್ಲಿರಲೇ ಇಲ್ಲ ಎಂದು ನಂಬಿಸಿದ್ದೇನೆ.

ಬರುವ ಶನಿವಾರ ಖಡಕಿಗೆ ಹೋಗುತ್ತೇನೆ. ಈ ಹಾಳೆಗಳ ಒಂದು ಪ್ರತಿಯನ್ನು ಶೋಭಾ ಕೈಯಲ್ಲಿ ಕೊಟ್ಟು, ನಾನು ಓದುವಾಗ ಸಾಲು ಸಾಲು ನೋಡುತ್ತಿರು, ಒಂದು ಶಬ್ದ ಬಿಟ್ಟರೂ ಸೇರಿಸಿದರೂ ತಡೆ ಎಂದು ಹೇಳುತ್ತೇನೆ. ಅದರ ಮರುದಿನ ಕ್ಯಾಂಪಿನಲ್ಲಿ ಸಭೆ. ಮೊದಲ ಮಾತು ನನ್ನದಿರಲಿ ಎಂದು ಮಲ್ಲಣ್ಣನವರಿಗೆ ಹೇಳಿದ್ದೇನೆ. ಯಾವ ಪುಸ್ತಕ ಎಂದು ಕೇಳಿದರು. ಬಂದು ಹೇಳುತ್ತೇನೆ ಎಂದೆ. ಅಲ್ಲಿ ಕಟ್ಟಳೆಯಂತೆ ಏನೂ ನೋಡದೆ ಹೇಳುತ್ತೇನೆ. ಇದರಲ್ಲಿ ನನಗೆ ಮರೆತದ್ದು ಏನೂ ಇಲ್ಲ.

ಇನ್ನು ಮುಂದಿನದು ನಿಮಗೆ, ಅಕ್ಕಾ. ಇದನ್ನು ನೀವು ನನ್ನ ದನಿಯಲ್ಲೇ ಕೇಳುತ್ತಿದ್ದೀರಿ, ನನ್ನ ದನಿಯನ್ನು ನಂಬಲು ಈಗ ಯಾವ ಕಾರಣವೂ ಉಳಿದಿಲ್ಲ. ಕ್ಷಮಿಸಿ ಎನ್ನುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ಅಷ್ಟು ಸುಲಭಕ್ಕೆ ಅದು ನನಗೆ ಬೇಡ. ಎದ್ದು ಹೋಗು ಅಂದರೆ ಹೋಗುತ್ತೇನೆ. ಆದರೆ ಒಂದನ್ನು ಮಾತ್ರ ಕೇಳಿ. ನಾನು ಕಟ್ಟಿದ ಕೊನೆಯಲ್ಲಿ ಅವನು ಒಂದು ಮಾತೂ ಆಡುವುದಿಲ್ಲ, ಸುಮ್ಮನೆ ಚಪ್ಪಲಿ ಇಡುತ್ತಾನೆ. ಅಲ್ಲಿ ಸಂಜೆಯ ಹೊತ್ತು ಬೇರೆ, ನೆಲ ತಂಪಾಗಿತ್ತು. "ನೆಲಾ ಸುಡತದ, ಹಾಕ್ಕೋ" ಎಂಬ ಮಾತು ಆ ಪುಸ್ತಕದಲ್ಲಿ ಇರಲಿಲ್ಲ, ನನ್ನ ಸುಳ್ಳಿನಲ್ಲೂ ಇರಲಿಲ್ಲ. ಅದನ್ನು ನಾನು ಕೇಳಿದ್ದು ನಿಮ್ಮ ಬಾಯಿಂದ, ಈ ವರಾಂಡದಲ್ಲಿ, ಆ ಪುಸ್ತಕ ಅಚ್ಚಾಗುವುದಕ್ಕೂ ಎಷ್ಟೋ ಮುಂಚೆ, ನೀವು ಅವರೆಕಾಯಿ ಬಿಡಿಸುತ್ತಿದ್ದಾಗ.

ಅವರು ಬಂದಿದ್ದರು, ಅಕ್ಕಾ. ಆ ಬಿಸಿಲಲ್ಲಿ ನಿಮ್ಮ ಚಪ್ಪಲಿ ಹಿಡಿದುಕೊಂಡು ನಿಂತಿದ್ದರು.